ಹಸಿ ಮರದಲ್ಲಿ ಕಟ್ಟಿದ ಪಬ್

ಇಂಗ್ಲೆಂಡಿನ ಹಳ್ಳಿಗಳ ಹಳೆಯ ಪಬ್‌ಗಳಲ್ಲಿ ಸೂರಿನ ತೊಲೆ ತೋರಿಸಿ, ‘ಇದು ಒಡೆದ ಹಡಗಿನ ಮರ’ ಎನ್ನುವವರು ಬಹಳ. ತೊಲೆಯಲ್ಲಿರುವ ಖಾಲಿ ಗುಣಿಗಳೇ ಅವರಿಗೆ ಸಾಕ್ಷಿ. ಆದರೆ ಆ ಗುಣಿಗಳು ಬಹುಮಟ್ಟಿಗೆ ಹಳೆಯ ಮನೆ, ಕೊಟ್ಟಿಗೆಗಳ ಮರವನ್ನು ಮತ್ತೆ ಬಳಸಿದ್ದರ ಗುರುತು. ವೂಸ್ಟರ್‌ಶೈರ್‌ನ ಬ್ರೆಟ್‌ಫರ್ಟನ್ ಹಳ್ಳಿ ಕಡಲಿನಿಂದ ದೂರದ ಒಳನಾಡು. ಅಲ್ಲಿಗೆ ಹಡಗಿನ ತೊಲೆ ಹೇರಿಕೊಂಡು ಹೋಗುವ ಅಗತ್ಯ ಯಾರಿಗಿತ್ತು? ಅಲ್ಲಿನ ‘ಫ್ಲೀಸ್ ಇನ್’ 15ನೇ ಶತಮಾನದ ರೈತನ ಮನೆ. ಜನ, ದನ ಒಂದೇ ಮಾಡಿನಡಿ ಇದ್ದರು. ಪಬ್ ಆದದ್ದು 1848ರಲ್ಲಿ.

ಇಂಥ ಕಟ್ಟಡಗಳ ನಿಜವಾದ ಅಚ್ಚರಿ ಇರುವುದು ಮರಗಳ ಜೋಡಣೆಯಲ್ಲಿ. ಬಡಗಿಗಳು ಓಕ್ ಮರವನ್ನು ಒಣಗಿಸದೆ, ಹಸಿಯಾಗಿಯೇ ಕೆತ್ತುತ್ತಿದ್ದರು, ಒಣಗಿದ ಓಕ್ ಉಳಿಗೆ ಬಗ್ಗದು. ಒಂದು ಮರಕ್ಕೆ ಗುಣಿ, ಇನ್ನೊಂದರ ತುದಿಗೆ ನಾಲಿಗೆ. ಎರಡಕ್ಕೂ ತೂತು ಕೊರೆಯುವಾಗ ನಾಲಿಗೆಯ ತೂತನ್ನು ಸುಮಾರು 3 ಮಿ.ಮೀ. ಬುಡದ ಕಡೆಗೆ ಸರಿಸುತ್ತಾರೆ. ಗೂಟ ಬಡಿದಾಗ ಅದು ತುಸು ಬಾಗಿ, ನಾಲಿಗೆಯನ್ನು ಗುಣಿಯೊಳಕ್ಕೆ ಎಳೆದು ಹಿಡಿಯುತ್ತದೆ. ಗೂಟ ಮಾತ್ರ ಒಣಗಿದ ಓಕ್‌ನದು, ಗರಗಸದಲ್ಲಿ ಕೊಯ್ದದ್ದಲ್ಲ, ಸೀಳಿದ್ದು. ಕೊಯ್ದರೆ ಎಳೆ ತುಂಡಾಗಿ ಗೂಟ ಮುರಿಯುತ್ತದೆ. ಮುಂದಿನ ವರ್ಷಗಳಲ್ಲಿ ಹಸಿ ಮರ ಕುಗ್ಗುತ್ತಾ ಹೋದರೂ ಬಾಗಿದ ಗೂಟ ಬಿಗಿ ಬಿಡುವುದಿಲ್ಲ. ಹಸಿ ತೊಗಲಿನ ಪಟ್ಟಿ ಒಣಗಿ ಬಿಗಿಯುವ ಹಾಗೆ. ಬಂಡಿಚಕ್ರಕ್ಕೆ ಕಾದ ಕಬ್ಬಿಣದ ಪಟ್ಟಿ ತೊಡಿಸಿ ತಣಿಸಿದ ಹಾಗೆ. ಮೊಳೆ ಹೊಡೆದಿದ್ದರೆ? ಓಕ್‌ನ ಒಗರು ಕಬ್ಬಿಣವನ್ನು ತಿನ್ನುತ್ತದೆ, ಸುತ್ತ ನೀಲಿಗಪ್ಪು ಕಲೆ ಹರಡುತ್ತದೆ. ಅಳಲೆಕಾಯಿಗೆ ಕಬ್ಬಿಣ ಬೆರೆಸಿ ಶಾಯಿ ಮಾಡುವ ರಸಾಯನವೇ ಇದು.

ಮರ ಉದ್ದಕ್ಕೆ ಕುಗ್ಗುವುದು ಅತ್ಯಲ್ಪ. ಅಡ್ಡಕ್ಕೆ ಹೆಚ್ಚು, ಅದರಲ್ಲೂ ವರ್ಷದ ಉಂಗುರಗಳ ಗುಂಟ, ತಿರುಳಿನಿಂದ ಹೊರಕ್ಕೆ ಕುಗ್ಗುವುದರ ಸುಮಾರು ಇಮ್ಮಡಿ. ಆ ವ್ಯತ್ಯಾಸದಿಂದಲೇ ಕಂಬಗಳಲ್ಲಿ ಉದ್ದುದ್ದ ಬಿರುಕು. ನೋಡಿದವರು ‘ಕಟ್ಟಡ ಬೀಳುತ್ತಿದೆ’ ಎಂದು ಗಾಬರಿಯಾಗುತ್ತಾರೆ. ಬಹುತೇಕ ಬಿರುಕುಗಳು ಒಣಗುವಿಕೆಯವು, ಬಲಕ್ಕೆ ಕುಂದಿಲ್ಲ.

ಕೆಡುಕು ತರುವುದು ಸಿಮೆಂಟ್. ಮರಗಳ ನಡುವಿನ ತಡಿಕೆಗೆ ಮೊದಲು ಮಣ್ಣು, ಹುಲ್ಲು, ಸಗಣಿ ಮೆತ್ತಿ ಸುಣ್ಣ ಬಳಿದಿರುತ್ತಿತ್ತು. ಅದು ನೆಂದರೂ ಬೇಗ ಆರುತ್ತದೆ. ಸಿಮೆಂಟ್ ಬಳಿದರೆ, ಋತು ಬದಲಾದಂತೆ ಮರ ಹಿಗ್ಗಿ ಕುಗ್ಗಿ, ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಮಳೆನೀರು ಒಳಗಿಳಿಯುತ್ತದೆ, ಹೊರಬರುವ ದಾರಿ ಇಲ್ಲ. ಮೊದಲು ಕೊಳೆಯುವುದು ನೆಲಕ್ಕೆ ಹತ್ತಿದ ಅಡಿತೊಲೆ ಮತ್ತು ಕಂಬದ ಬುಡ. ಬುಡವಷ್ಟನ್ನೇ ಕೊಯ್ದು ಹೊಸ ಓಕ್ ತುಂಡು ಜೋಡಿಸಿ, ಗೋಡೆಗೆ ಸುಣ್ಣದ ಗಾರೆ ಹಾಕಿದರೆ ಮೇಲಿನ ಮರ ಹಾಗೆಯೇ ಉಳಿಯುತ್ತದೆ.