ಸ್ಯಾಮ್ ಬ್ರೌನ್: ಬೆಲ್ಟಿನ ಹಿಂದಿನ ಕುದುರೆಪಡೆ ಅಧಿಕಾರಿ

ಸೇನೆಯ ಮತ್ತು ಪೊಲೀಸ್ ಅಧಿಕಾರಿಗಳು ಸೊಂಟದ ಬೆಲ್ಟಿನ ಜೊತೆಗೆ ಬಲ ಭುಜದಿಂದ ಎದೆಗೆ ಅಡ್ಡಲಾಗಿ ಇನ್ನೊಂದು ಚರ್ಮದ ಪಟ್ಟಿ ಹಾಕಿರುವುದನ್ನು ನೋಡಿರುತ್ತೀರಿ. ಅದೇ ಸ್ಯಾಮ್ ಬ್ರೌನ್ ಬೆಲ್ಟ್. ಹೆಚ್ಚಿನ ನೋಟ್ಸ್‌ಗಳಲ್ಲಿ ಈ ಮನುಷ್ಯನ ಕಥೆ ಬೆಲ್ಟಿಗೇ ಮುಗಿದುಹೋಗುತ್ತದೆ. ನನಗೆ ಅದಕ್ಕಿಂತ ಮುಖ್ಯ ಅನಿಸುವುದು ಬೇರೆ. ಗಡಿ ಕಾಯಲೆಂದು ಕಟ್ಟಿದ ಪಡೆಯನ್ನು ಬ್ರಿಟಿಷರು 1857ರ ದಂಗೆ ಅಡಗಿಸಲು ಹೇಗೆ ಬಳಸಿದರು ಎಂಬುದು ಇವನ ಜೀವನದಲ್ಲಿ ಚೆನ್ನಾಗಿ ಕಾಣುತ್ತದೆ.

ಸ್ಯಾಮ್ಯುಯೆಲ್ ಜೇಮ್ಸ್ ಬ್ರೌನ್ ಹುಟ್ಟಿದ್ದು ಬಂಗಾಳದ ಬ್ಯಾರಕ್‌ಪುರದಲ್ಲಿ, 1824ರಲ್ಲಿ. ಮೊದಲು ಸೇರಿದ್ದು ಈಸ್ಟ್ ಇಂಡಿಯಾ ಕಂಪನಿಯ ಕಾಲಾಳು ಪಡೆಗೆ. ಎರಡನೇ ಸಿಖ್ ಯುದ್ಧದಲ್ಲಿ ಚಿಲಿಯನ್‌ವಾಲಾ ಮತ್ತು ಗುಜರಾತ್ ಕದನಗಳಲ್ಲಿ ಇದ್ದ. ಈ ಗುಜರಾತ್ ಪಂಜಾಬಿನ ಒಂದು ಊರು, ನಮ್ಮ ಗುಜರಾತ್ ರಾಜ್ಯ ಅಲ್ಲ. ಪರೀಕ್ಷೆಯಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ.

1849ರಲ್ಲಿ ಪಂಜಾಬ್ ಕಂಪನಿಯ ಕೈಸೇರಿತು. ಅದರ ಜೊತೆಗೆ ಸಿಂಧೂ ನದಿಯಾಚೆಯ ಉದ್ದನೆಯ ಗುಡ್ಡಗಾಡು ಗಡಿಯೂ ಬಂತು. ಅದನ್ನು ಕಾಯಲು ಪಂಜಾಬ್ ಇರ್ರೆಗ್ಯುಲರ್ ಫೋರ್ಸ್ ಎಂಬ ಹೊಸ ಪಡೆ ಕಟ್ಟಿದರು. ಬ್ರೌನ್ ಲಾಹೋರಿನಲ್ಲಿ ಇದರ 2ನೇ ಪಂಜಾಬ್ ಕುದುರೆಪಡೆಯನ್ನು ಕಟ್ಟಿದ.

ಈ ಪಡೆಯ ಎರಡು ವಿಷಯಗಳು ನೆನಪಿರಲಿ. ಒಂದು, ಅದು ಸೇನೆಯ ಮಹಾದಂಡನಾಯಕನ ಕೆಳಗೆ ಇರಲಿಲ್ಲ. ಪಂಜಾಬ್ ಸರ್ಕಾರದ ಮಾತು ಕೇಳುತ್ತಿತ್ತು. ಈ ಏರ್ಪಾಡು 1886ರವರೆಗೂ ನಡೆಯಿತು. ಹಾಗಾಗಿ ಗಡಿಯಲ್ಲಿ ಗಲಾಟೆಯಾದರೆ ದೂರದ ಕಚೇರಿಯ ಅಪ್ಪಣೆಗೆ ಕಾಯುವ ಅಗತ್ಯ ಕಡಿಮೆ ಇತ್ತು. ಇನ್ನೊಂದು, ಕುದುರೆಪಡೆ ನಡೆಯುತ್ತಿದ್ದುದು ಸಿಲ್ಲೇದಾರ್ ಪದ್ಧತಿಯಲ್ಲಿ. ಸವಾರನಿಗೆ ಸಂಬಳ ಜಾಸ್ತಿ. ಆದರೆ ಕುದುರೆ, ಜೀನು, ಬಟ್ಟೆಯ ಖರ್ಚು ಅವನದೇ. ಮೈಸೂರು ಸಂಸ್ಥಾನದ ಸಿಲ್ಲೇದಾರ್ ಕುದುರೆಪಡೆಯ ಬಗ್ಗೆ ಓದಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕುದುರೆ ಸತ್ತರೆ ನಷ್ಟದ ಬಿಸಿ ಸವಾರನಿಗೂ ತಟ್ಟುತ್ತಿತ್ತು. ಅದಕ್ಕೇ ಜಮೀನು ಇರುವ, ಸ್ವಲ್ಪ ಅನುಕೂಲಸ್ಥ ಮನೆಗಳ ಹುಡುಗರು ಇಂಥ ಪಡೆಗಳಿಗೆ ಸೇರುತ್ತಿದ್ದರು.

1857ರಲ್ಲಿ ಬಂಗಾಳ ಸೇನೆಯ ಸಿಪಾಯಿಗಳು ತಿರುಗಿಬಿದ್ದರು. ಆಗ ಕಂಪನಿಗೆ ಆಸರೆಯಾದವರಲ್ಲಿ ಈ ಪಂಜಾಬಿನ ಪಡೆಗಳೂ ಇದ್ದವು. 2ನೇ ಪಂಜಾಬ್ ಕುದುರೆಪಡೆಯ ಒಂದು ತುಕಡಿ ದೆಹಲಿ ಮುತ್ತಿಗೆಗೆ ಹೋಯಿತು. ಬ್ರೌನ್ 1858ರ ಮಾರ್ಚ್‌ನಲ್ಲಿ ಲಖನೌ ಕದನದಲ್ಲಿದ್ದ. ಆಮೇಲೆ ರೋಹಿಲ್‌ಖಂಡಕ್ಕೆ ಬಂದ.

1858ರ ಆಗಸ್ಟ್ 31. ಜಾಗ ಪೀಲಿಭೀತ್ ಕಡೆಯ ಸಿರ್ಪುರಾ. ಎದುರಿಗೆ ದಂಗೆಯ ನಾಯಕ ಖಾನ್ ಅಲಿ ಖಾನ್‌ನ ಪಡೆ. ಬೆಳಗಿನ ಜಾವ ದಾಳಿ ಶುರುವಾಯಿತು. ದಾರಿಗೆ ಗುರಿಯಿಟ್ಟು ನಿಂತಿದ್ದ ಒಂಬತ್ತು ಪೌಂಡ್ ತೂಕದ ಗುಂಡು ಹಾರಿಸುವ ಒಂದು ಫಿರಂಗಿಯತ್ತ ಬ್ರೌನ್ ನುಗ್ಗಿದ. ಜೊತೆಗಿದ್ದದ್ದು ಒಬ್ಬನೇ ಒಬ್ಬ ಸವಾರ. ಗೋಲಂದಾಜರು, ಅಂದರೆ ಫಿರಂಗಿ ಹಾರಿಸುವವರು, ಮತ್ತೆ ಮದ್ದು ತುಂಬದಂತೆ ತಡೆಯುವುದು ಅವನ ಉದ್ದೇಶ. ಕೈಕೈ ಮಿಲಾಯಿಸಿ ಹೊಡೆದಾಟವಾಯಿತು. ಮೊದಲು ಎಡ ಮೊಣಕಾಲಿಗೆ ಕತ್ತಿಯೇಟು. ಮುಂದಿನ ಏಟಿಗೆ ಎಡತೋಳೇ ಹೋಯಿತು. ಫಿರಂಗಿ ಮಾತ್ರ ಮತ್ತೆ ಹಾರಲಿಲ್ಲ. ಕಾಲಾಳುಗಳು ಬಂದು ಅದನ್ನು ಹಿಡಿದರು.

ಇದಕ್ಕಾಗಿ 1861ರಲ್ಲಿ ಬ್ರೌನ್‌ಗೆ ಬ್ರಿಟಿಷರ ಅತ್ಯುನ್ನತ ಶೌರ್ಯ ಪ್ರಶಸ್ತಿ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಪ್ರಶಸ್ತಿಯ ಒಕ್ಕಣೆಯಲ್ಲಿ ಆ ಸವಾರನ ಪ್ರಸ್ತಾಪ ಇದೆ, ಆದರೆ ಹೆಸರಿಲ್ಲ. ಫಿರಂಗಿಯ ಬಾಯಿಗೆ ಇಬ್ಬರೂ ನುಗ್ಗಿದ್ದರು, ಅಲ್ವಾ? ಹೆಸರು ಇದ್ದಿದ್ದರೂ ವಿಕ್ಟೋರಿಯಾ ಕ್ರಾಸ್ ಸಿಗುತ್ತಿರಲಿಲ್ಲ. ಭಾರತೀಯ ಸೈನಿಕರಿಗೆ ಅದನ್ನು ತೆರೆದದ್ದು 1911ರಲ್ಲಿ. ಬ್ರೌನ್‌ನ ಧೈರ್ಯವನ್ನು ಅಲ್ಲಗಳೆಯಬೇಕಿಲ್ಲ. ಆದರೆ ಅದು ಯಾರ ವಿರುದ್ಧ ತೋರಿದ ಧೈರ್ಯ ಎಂಬುದನ್ನೂ ಉತ್ತರದಲ್ಲಿ ಬರೆಯಬೇಕು.

ಈಗ ಬೆಲ್ಟಿನ ವಿಷಯ. ಕತ್ತಿಯ ಒರೆ ಸೊಂಟದ ಎಡಭಾಗದಲ್ಲಿ ತೂಗುತ್ತದೆ. ಬಲಗೈಯಲ್ಲಿ ಕತ್ತಿ ಎಳೆಯುವಾಗ ಎಡಗೈ ಒರೆಯನ್ನು ಹಿಡಿದಿರಬೇಕು. ಎಡಗೈ ಇಲ್ಲದಿದ್ದರೆ ಒರೆ ಅತ್ತಿತ್ತ ಓಲಾಡುತ್ತದೆ. ಬ್ರೌನ್ ಒರೆಯನ್ನು ಬೆಲ್ಟಿಗೆ ಬಿಗಿಯಾಗಿ ಕೂರಿಸಿದ. ಅದರ ಭಾರ ಹೊರಲು ಬಲ ಭುಜದ ಮೇಲೆ ಪಟ್ಟಿ ಹಾಕಿದ. ಅನುಕೂಲ ಕಂಡು ಎರಡೂ ಕೈಗಳಿದ್ದ ಅಧಿಕಾರಿಗಳೂ ಅದನ್ನೇ ಹಾಕತೊಡಗಿದರು.

1864ರಿಂದ 1869ರವರೆಗೆ ಬ್ರೌನ್ ಪೇಶಾವರದ ಹತ್ತಿರದ ಮರ್ದಾನ್‌ನಲ್ಲಿದ್ದ ಗೈಡ್ಸ್ ಎಂಬ ಗಡಿ ಪಡೆಯ ಮುಖ್ಯಸ್ಥ. 1878ರ ನವೆಂಬರ್‌ನಲ್ಲಿ ಎರಡನೇ ಆಫ್ಘನ್ ಯುದ್ಧ ಶುರುವಾದಾಗ ಮೂರು ದಂಡುಗಳು ಹೊರಟವು. ಖೈಬರ್ ಕಣಿವೆಯ ದಂಡು ಬ್ರೌನ್‌ನದು. ನವೆಂಬರ್ 21ರಂದು ಅಲಿ ಮಸ್ಜಿದ್ ಕೋಟೆಯ ಮೇಲೆ ದಾಳಿ ನಡೆಯಿತು. ಗುಡ್ಡ ಬಳಸಿ ಹಿಂದಿನಿಂದ ಬರಬೇಕಿದ್ದ ತುಕಡಿಗಳು ತಡವಾದವು, ಎದುರಿನ ದಾಳಿ ಫಲಿಸಲಿಲ್ಲ. ಆದರೂ ಆಫ್ಘನ್ನರು ರಾತ್ರಿಯೇ ಕೋಟೆ ಬಿಟ್ಟು ಹೊರಟಿದ್ದರು. ಡಿಸೆಂಬರ್‌ನಲ್ಲಿ ಜಲಾಲಾಬಾದ್ ಕೈಸೇರಿತು. 1879ರ ಮೇ 26ರಂದು ಆಫ್ಘನ್ ಅಮೀರನ ಜೊತೆ ಗಂಡಮಕ್ ಒಪ್ಪಂದವಾಯಿತು. ಆದರೆ ಬಿರುಬೇಸಿಗೆಯಲ್ಲಿ ವಾಪಸು ಬರುವಾಗ ಕಾಲರಾದಿಂದ ದಂಡಿನಲ್ಲಿ ತುಂಬಾ ಜನ ಸತ್ತರು. ಗೆದ್ದ ಕದನಗಳ ಪಟ್ಟಿಯಲ್ಲಿ ಈ ಸಾವುಗಳು ಮರೆಯಾಗುತ್ತವೆ, ಸೇರಿಸಿಕೊಳ್ಳಿ.

1888ರಲ್ಲಿ ಬ್ರೌನ್ ಜನರಲ್ ಆದ. 1901ರಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್‌ನಲ್ಲಿ ತೀರಿಕೊಂಡ. ಮೂರು ವರ್ಷದ ನಂತರ, 1904ರಲ್ಲಿ, ಅವನು ಕಟ್ಟಿದ ರೆಜಿಮೆಂಟಿಗೆ 22ನೇ ಸ್ಯಾಮ್ ಬ್ರೌನ್ಸ್ ಕ್ಯಾವಲ್ರಿ ಎಂದು ಹೆಸರಿಟ್ಟರು. ಅದರ ಪರಂಪರೆ ಇವತ್ತು ಪಾಕಿಸ್ತಾನ ಸೇನೆಯ 12ನೇ ಕ್ಯಾವಲ್ರಿಯಲ್ಲಿ ಮುಂದುವರಿದಿದೆ.