ಕಮಲಾ ಸೊಹೊನಿ: ಆಲೂಗಡ್ಡೆಯಿಂದ ಅವರೆಕಾಳಿನವರೆಗೆ

ಜೀವರಸಾಯನ ವಿಜ್ಞಾನಿ ಕಮಲಾ ಸೊಹೊನಿ ಎಂದೊಡನೆ ನೆನಪಾಗುವುದು ಸಿ.ವಿ. ರಾಮನ್ ಪ್ರಸಂಗ. ಅದನ್ನು ಮೊದಲೇ ಮುಗಿಸಿಬಿಡೋಣ. 1933ರಲ್ಲಿ ಬಾಂಬೆಯಲ್ಲಿ ಬಿ.ಎಸ್ಸಿ. ಮುಗಿಸಿದ ಕಮಲಾ ಭಾಗವತ್ (ಸೊಹೊನಿ ಮದುವೆಯ ನಂತರದ ಹೆಸರು) ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಅವರ ತಂದೆ ಅಲ್ಲಿಯೇ ಓದಿದವರು. ಆದರೆ ನಿರ್ದೇಶಕ ರಾಮನ್ ಹೆಣ್ಣುಮಕ್ಕಳಿಗೆ ಜಾಗವಿಲ್ಲ ಎಂದರು. ಹಟ ಹಿಡಿದು ಕೂತ ಮೇಲೆ ಪ್ರವೇಶ ಸಿಕ್ಕಿತು. ಆದರೆ ಮೊದಲ ವರ್ಷ ಪರೀಕ್ಷಾರ್ಥ, ಜೊತೆಗೆ ಗಂಡಸರ ಗಮನ ಕೆಡಿಸಬಾರದು ಎಂಬ ಷರತ್ತು ಬೇರೆ. ಆ ಅವಮಾನವನ್ನು ಅವರು ಮುಪ್ಪಿನಲ್ಲಿಯೂ ಮರೆತಿರಲಿಲ್ಲ.

ಅಲ್ಲಿ ಎಂ. ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಮೇಲೆ ಕೆಲಸ ಮಾಡಿದರು. 1937ರಲ್ಲಿ ಕೇಂಬ್ರಿಜ್‌ಗೆ ಹೋದರು. ಮುಖ್ಯವಾದದ್ದು ಇಲ್ಲಿದೆ. ಆಲೂಗಡ್ಡೆಯ ಅಂಗಾಂಶದೊಂದಿಗೆ ಕೆಲಸ ಮಾಡುತ್ತ, ಸಸ್ಯಕೋಶಗಳ ಉಸಿರಾಟದಲ್ಲಿಯೂ ಸೈಟೋಕ್ರೋಮ್ ಸಿ ಪಾಲುಗೊಳ್ಳುತ್ತದೆ ಎಂದು ತೋರಿಸಿದರು. ಈ ಸಣ್ಣ ಪ್ರೋಟೀನಿನ ನಡುವೆ ಒಂದು ಕಬ್ಬಿಣದ ಅಯಾನು ಇರುತ್ತದೆ. ಎಲೆಕ್ಟ್ರಾನ್ ಬಂದು ಸೇರಿದಾಗ ಅದರ ಆವೇಶ +3ರಿಂದ +2ಕ್ಕೆ ಇಳಿಯುತ್ತದೆ. ಮುಂದಿನ ಕಿಣ್ವಕ್ಕೆ ದಾಟಿಸಿದ ಕೂಡಲೇ ಮತ್ತೆ +3. ಕಡೆಗೆ ಎಲೆಕ್ಟ್ರಾನ್ ಆಮ್ಲಜನಕವನ್ನು ತಲುಪುತ್ತದೆ, ಆಮ್ಲಜನಕ ನೀರಾಗುತ್ತದೆ. 1939ರ ಅವರ ಪಿಎಚ್.ಡಿ. ಪ್ರಬಂಧ ಕೇವಲ 40 ಪುಟ. ನಮ್ಮ ಪ್ರಾಜೆಕ್ಟ್ ವರದಿಗಳು ಅದಕ್ಕಿಂತ ದಪ್ಪ!

ಒಂದು ಎಚ್ಚರಿಕೆ: "ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ" ಎಂದು ಕಣ್ಣುಮುಚ್ಚಿ ಬರೆಯಬೇಡಿ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಮಿಶಿಗನ್‌ನಿಂದ ಡಿ.ಎಸ್ಸಿ. ಪಡೆದಿದ್ದರು.

ಭಾರತಕ್ಕೆ ಮರಳಿದ ಕಮಲಾ ದೆಹಲಿ, ಕೂನೂರುಗಳಲ್ಲಿ ದುಡಿದು ಬಾಂಬೆಗೆ ಬಂದರು. 'ನೀರಾ' ಎಂಬ, ತಾಳೆ ಜಾತಿಯ ಮರಗಳಿಂದ ಇಳಿಸುವ ಸಿಹಿ ರಸದ ಪೌಷ್ಟಿಕತೆಯ ಅಧ್ಯಯನಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು. ನನಗೆ ಅದಕ್ಕಿಂತ ಇಷ್ಟವಾದದ್ದು 1955ರ ಒಂದು ಪುಟ್ಟ ಲೇಖನ. ಅವರೆಕಾಳು ಮತ್ತು ಡಬಲ್ ಬೀನ್ಸ್‌ನಿಂದ ಟ್ರಿಪ್ಸಿನ್ ಪ್ರತಿಬಂಧಕವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ ವಿಷಯ 'ನೇಚರ್' ಪತ್ರಿಕೆಯಲ್ಲಿ ಬಂತು. ಟ್ರಿಪ್ಸಿನ್ ನಮ್ಮ ಸಣ್ಣ ಕರುಳಿನಲ್ಲಿ ಪ್ರೋಟೀನನ್ನು ತುಂಡರಿಸುವ ಕಿಣ್ವ. ಪ್ರತಿಬಂಧಕ ಅದರ ಕತ್ತರಿಬಾಯಿಗೇ ಸಿಕ್ಕಿಕೊಂಡು ಕುಳಿತರೆ ತಿಂದ ಪ್ರೋಟೀನ್ ಸರಿಯಾಗಿ ಮೈಗೆ ಹತ್ತುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಅದರ ಶಕ್ತಿ ಬಹುಮಟ್ಟಿಗೆ ಅಳಿಯುತ್ತದೆ. ಹಿತಕಿದಬೇಳೆ ಸಾರಿಗೆ ಅಜ್ಜಿ ಒಲೆ ಆರಿಸಲು ಅವಸರಪಡದಿದ್ದುದಕ್ಕೆ ಕಾರಣ ಹುಡುಕುವವರು ಇಲ್ಲಿಂದ ಶುರುಮಾಡಬಹುದು.