ಹಾಳೆ ಎಳೆಯದ ಪ್ರಿಂಟರ್: ತಪ್ಪು ರೋಲರ್‌ದಾ, ಪ್ಯಾಡ್‌ದಾ?

ವಿಜಯಪುರದ ಒಂದು ಝರಾಕ್ಸ್ ಅಂಗಡಿಯಲ್ಲಿ ರಿಪೇರಿ ಕಲಿಯುತ್ತಿದ್ದೇನೆ. ಈ ವಾರವೆಲ್ಲ ಲೇಸರ್ ಪ್ರಿಂಟರ್‌ನ ಪೇಪರ್ ಟ್ರೇ ಹಿಡಿದೇ ಕೂತಿದ್ದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಟ್ರೇ ತೆಗೆಯುವುದು, ಹಾಳೆಯ ಅಳತೆಗೆ ಗೈಡ್ ಸರಿಸುವುದು ನಿಮಗೂ ಗೊತ್ತು, ಅದನ್ನು ಬಿಡುತ್ತೇನೆ.

ನನ್ನ ತಲೆಗೆ ಹೋಗದೇ ಇದ್ದದ್ದು ಒಂದೇ ವಿಷಯ. ಕೆಲವು ಪ್ರಿಂಟರ್ ಹಾಳೆ ಎಳೆಯುವುದೇ ಇಲ್ಲ. ಕೆಲವು ಎರಡು ಮೂರು ಒಟ್ಟಿಗೇ ಎಳೆಯುತ್ತವೆ. ಎರಡಕ್ಕೂ ಪಿಕಪ್ ರೋಲರೇ, ಅಂದರೆ ಟ್ರೇಯಿಂದ ಹಾಳೆ ಎಳೆಯುವ ರಬ್ಬರ್ ಉರುಳೆಯೇ ಕಾರಣ ಅಂದುಕೊಂಡಿದ್ದೆ. ಎರಡೆರಡು ಹಾಳೆ ಬರುತ್ತಿದ್ದ ಒಂದಕ್ಕೆ ಹೊಸ ರೋಲರ್ ಹಾಕಿದೆ. ಆಮೇಲೂ ಎರಡೇ ಬಂದವು.

ಅಂಗಡಿಯ ಕಾಕಾ ಗಲ್ಲಾದಿಂದ ನೋಟಿನ ಕಟ್ಟು ತೆಗೆದು ಕೊಟ್ಟರು. "ಎಣಿಸು ತಮ್ಮಾ. ಹೆಬ್ಬೆರಳು ಏನ್ ಮಾಡಾಕತ್ತೈತಿ, ಕೆಳಗಿನ ಬೆರಳು ಏನ್ ಮಾಡಾಕತ್ತೈತಿ ನೋಡು."

ಹೆಬ್ಬೆರಳು ಮೇಲಿನ ನೋಟನ್ನು ತಳ್ಳುತ್ತದೆ. ಕೆಳಗಿನ ಬೆರಳು ಉಳಿದವನ್ನು ತಡೆಯುತ್ತದೆ. ಹೆಬ್ಬೆರಳೇ ಪಿಕಪ್ ರೋಲರ್, ಕೆಳಗಿನ ಬೆರಳೇ ಸೆಪರೇಶನ್ ಪ್ಯಾಡ್, ಅಂದರೆ ರೋಲರ್‌ಗೆ ಎದುರಾಗಿ ಕೂತು ಹಾಳೆಗಳನ್ನು ಬೇರೆ ಮಾಡುವ ಸಣ್ಣ ಪಟ್ಟಿ. ಆದರೆ ಪ್ಯಾಡ್ ತಡೆಯುತ್ತದೆ ಅಂದಮೇಲೆ, ಒಂದೇ ಹಾಳೆ ಬಂದಾಗ ಅದನ್ನೂ ತಡೆಯಬೇಕಲ್ವಾ? ಇಲ್ಲೇ ನಾನು ಎರಡು ದಿನ ಸಿಕ್ಕಿಕೊಂಡೆ. ಉತ್ತರ ಹಿಡಿತದ ಲೆಕ್ಕದಲ್ಲಿದೆ. ರೋಲರ್ ಹಾಳೆಯನ್ನು ಹಿಡಿಯುವ ಬಲ ಎಲ್ಲಕ್ಕಿಂತ ಜಾಸ್ತಿ. ಪ್ಯಾಡ್‌ನ ಹಿಡಿತ ಅದಕ್ಕಿಂತ ಕಡಿಮೆ. ಹಾಳೆಗೂ ಹಾಳೆಗೂ ನಡುವಿನದು ಇನ್ನೂ ಕಡಿಮೆ. ಒಂದೇ ಹಾಳೆ ಇದ್ದರೆ ರೋಲರ್ ಗೆಲ್ಲುತ್ತದೆ, ಹಾಳೆ ಮುಂದೆ ಹೋಗುತ್ತದೆ. ಎರಡು ಬಂದರೆ ಮೇಲಿನದನ್ನು ರೋಲರ್ ಎಳೆಯುತ್ತದೆ, ಕೆಳಗಿನದನ್ನು ಪ್ಯಾಡ್ ಹಿಡಿಯುತ್ತದೆ, ನಡುವೆ ಜಾರಿ ಬೇರೆಯಾಗುತ್ತವೆ.

ಹಾಗಾಗಿ ಹಾಳೆ ಬರದಿದ್ದರೆ ಮೊದಲು ರೋಲರ್ ನೋಡಿ. ಎರಡು ಬಂದರೆ ಮೊದಲು ಪ್ಯಾಡ್ ನೋಡಿ. ನಾನು ರೋಲರ್ ಹಾಕಿದ್ದ ಆ ಪ್ರಿಂಟರ್‌ನ ಪ್ಯಾಡ್ ಸವೆದು ಗಾಜಿನ ಹಾಗೆ ನುಣ್ಣಗಾಗಿತ್ತು.

ಒಳಗೆ ಚೂರೂ ಕಾಗದ ಇಲ್ಲ, ಆದರೂ ಪೇಪರ್ ಜಾಮ್ ಅಂತ ತೋರಿಸುತ್ತದಾ? ದಾರಿಯಲ್ಲಿ ಸಣ್ಣ ಸೆನ್ಸರ್ ಕಡ್ಡಿ ಇರುತ್ತದೆ. ಹಾಳೆ ಇಷ್ಟು ಹೊತ್ತಿಗೆ ಬಂದು ಅದನ್ನು ಒತ್ತಬೇಕು ಅಂತ ಪ್ರಿಂಟರ್ ಕಾಯುತ್ತದೆ. ರೋಲರ್ ಜಾರಿ ಹಾಳೆ ತಡವಾದರೂ ಅದಕ್ಕೆ ಜಾಮ್ ಅಂತಲೇ ಲೆಕ್ಕ. ಕಡ್ಡಿ ಮುರಿದಿದ್ದರೂ, ಸಿಕ್ಕಿಕೊಂಡಿದ್ದರೂ ಹಾಗೇ.

ರೋಲರ್ ಮೇಲೆ ಬಿಳಿ ಪುಡಿ ಕೂತಿದ್ದರೆ ಅದು ಕಾಗದದ ಧೂಳು. ಸ್ವಿಚ್ ಆಫ್ ಮಾಡಿ, ನೂಲು ಬಿಡದ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ ಒರೆಸಿ, ಒಣಗಲು ಬಿಡಿ. ಥಿನ್ನರ್, ಪೆಟ್ರೋಲ್ ಬೇಡ, ರಬ್ಬರ್ ಹಾಳಾಗುತ್ತದೆ. ಸಿಕ್ಕ ಹಾಳೆಯನ್ನು ಆದಷ್ಟು ಅದು ಹೋಗುವ ದಿಕ್ಕಿಗೇ, ಎರಡೂ ಕೈಯಿಂದ ನಿಧಾನವಾಗಿ ಎಳೆಯಿರಿ. ಫ್ಯೂಸರ್ (ಟೋನರ್ ಪುಡಿಯನ್ನು ಬಿಸಿಯಿಂದ ಹಾಳೆಗೆ ಅಂಟಿಸುವ ಭಾಗ) ಹತ್ತಿರ ಸಿಕ್ಕಿದ್ದರೆ ಆರುವ ತನಕ ಕಾಯಿರಿ, ಕೈ ಸುಡುತ್ತದೆ.

ಕೊನೆಗೆ ನನಗೆ ತುಂಬಾ ಇಷ್ಟವಾದ ಉಪಾಯ: ಕಟ್ಟಿನ ಮೇಲೆ ಬರೆದ ಜಿಎಸ್‌ಎಂ ನಿಜವೋ ಅಲ್ಲವೋ ಅಂತ ಅನುಮಾನ ಬಂದರೆ ರೀಮ್, ಅಂದರೆ 500 ಹಾಳೆಯ ಕಟ್ಟು, ತೂಗಿ ನೋಡಿ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ. ಎ4 ಹಾಳೆ 16 ಸೇರಿದರೆ ಒಂದು ಚದರ ಮೀಟರ್. ಅಂದರೆ 80 ಜಿಎಸ್‌ಎಂ ಹಾಳೆ ಒಂದಕ್ಕೆ 5 ಗ್ರಾಂ, 500 ಹಾಳೆಗೆ ಎರಡೂವರೆ ಕಿಲೋ. 75 ಜಿಎಸ್‌ಎಂ ಆದರೆ ಸುಮಾರು 2.34 ಕಿಲೋ, 70 ಆದರೆ 2.18. ಪಕ್ಕದ ಕಿರಾಣಿ ಅಂಗಡಿಯ ತಕ್ಕಡಿಯೇ ಸಾಕು. ತೂಕ ಸರಿಯಿದ್ದೂ ಹಾಳೆ ಅಂಟಿಕೊಂಡೇ ಬಂದರೆ ನಮ್ಮೂರ ಬೇಸಿಗೆ ನೆನಪಿಸಿಕೊಳ್ಳಿ. ಒಣ ಗಾಳಿಗೆ ಹಾಳೆಗಳಲ್ಲಿ ಸ್ಥಿರ ವಿದ್ಯುತ್ ಕೂತು ಒಂದಕ್ಕೊಂದು ಹತ್ತಿಕೊಳ್ಳುತ್ತವೆ. ಟ್ರೇಗೆ ಹಾಕುವ ಮುಂಚೆ ಕಟ್ಟಿನ ಅಂಚನ್ನು ಇಸ್ಪೀಟ್ ಎಲೆ ಬಿಡಿಸಿದ ಹಾಗೆ ಬಿಡಿಸಿ, ಗಾಳಿ ಆಡಿಸಿ ಹಾಕಿ.